ಅರವತ್ತು ಹೆಜ್ಜೆ ನೇರ

ಜನವರಿ ೮, ಸೋಮವಾರ

ಮೇಲಿನದು ೧೫೦, ಕೆಳಗಿನದು ೯೫. ದಿನಾ ಬಿಪಿ ಬರೆದಿಡಿ ಎಂದು ಡಾಕ್ಟರು ಈ ಪುಸ್ತಕ ಕೊಟ್ಟಿದ್ದಾರೆ. ಎರಡು ಅಂಕಿ ಬರೆಯಲು ಇಷ್ಟು ದೊಡ್ಡ ಹಾಳೆ ಯಾತಕ್ಕೋ! ಜಾಗ ದಂಡ ಮಾಡುವುದು ನನಗೆ ಆಗಿಬರುವುದಿಲ್ಲ. ಉಳಿದ ಜಾಗದಲ್ಲಿ ಇವತ್ತಿನ ಸಂಗತಿ ಬರೆಯುತ್ತೇನೆ.

ನಮ್ಮ ಬೀದಿಯಲ್ಲಿ ಇನ್ನು ಗಾಡಿ ಓಡುವುದಿಲ್ಲವಂತೆ. ಲಾರಿ, ಬೈಕು, ಆಟೋ ಯಾವುದೂ ಇಲ್ಲ. ಬರೀ ನಡೆಯುವವರು. ನಗರಸಭೆಯ ಇಂಜಿನಿಯರು ಬೀಗದವನ ಅಂಗಡಿ ಮುಂದೆ ನಕ್ಷೆ ಹರಡಿ ತೋರಿಸಿದ. ಅರ್ಧ ಬೀದಿಯ ಷಟರುಗಳು ತುಕ್ಕು ಹಿಡಿದಿವೆ, ಸಂಜೆಯಾದರೆ ನಾಯಿಯೂ ಈ ಕಡೆ ಬರುವುದಿಲ್ಲ. ಇನ್ನು ಕಲ್ಲು ಹಾಸುತ್ತಾರಂತೆ, ಗೋಡೆಗಳ ಮೇಲೆ ಚಿತ್ರ ಬರೆಸುತ್ತಾರಂತೆ, ಜನ ಕುಳಿತು ಹರಟುತ್ತಾರಂತೆ. ಚಿತ್ರ ಹಾಳಾಗಲಿ. ನನ್ನ ಕಿವಿಗೆ ಬಿದ್ದದ್ದು ಒಂದೇ ಮಾತು: ರಸ್ತೆ ಖಾಲಿ.

ಹಗ್ಗ ಹೊಸೆಯುವವರಿಗೆ ಬೇಕಾದದ್ದು ಅರವತ್ತು ಹೆಜ್ಜೆ ನೇರ ಜಾಗ, ಅಷ್ಟೇ. ಒಬ್ಬರು ರಾಟೆ ತಿರುಗಿಸಬೇಕು. ಇನ್ನೊಬ್ಬರು ಸೊಂಟಕ್ಕೆ ನಾರಿನ ಕಂತೆ ಕಟ್ಟಿಕೊಂಡು, ರಾಟೆಯ ಕೊಕ್ಕೆಗೆ ತುದಿ ಸಿಕ್ಕಿಸಿ, ನಾರು ಬಿಡುತ್ತಾ ಬಿಡುತ್ತಾ ಹಿಂದಕ್ಕೆ ನಡೆಯಬೇಕು. ಅರವತ್ತು ಹೆಜ್ಜೆ ನೂಲಾದರೆ ಕೊನೆಗೆ ನಲವತ್ತು ಹೆಜ್ಜೆ ಹಗ್ಗ. ನಮ್ಮ ಬಾಗಿಲಿಂದ ನಲ್ಲಿಕಂಬದ ತನಕ ಅರವತ್ತೆರಡು. ಅಪ್ಪ ಬೆಳಗಿನ ಹೊತ್ತು ಇಲ್ಲೇ ಹೊಸೆಯುತ್ತಿದ್ದ. ನನಗೆ ಹದಿನಾಲ್ಕು ಇದ್ದಾಗ ಲಾರಿಗಳು ಬಂದವು, ನಾವು ರೈಲು ಹಳಿಯಾಚೆಯ ಷೆಡ್ಡಿಗೆ ಹೋದೆವು. ಇವತ್ತಿಗೂ ನಾನು, ತಮ್ಮ ಮೊದಲ ಬಸ್ಸು ಹಿಡಿದು ಅಲ್ಲಿಗೇ ಹೋಗುವುದು. ಆ ಷೆಡ್ಡನ್ನೂ ಮೇ ತಿಂಗಳ ಕೊನೆಗೆ ಬಿಡಿ ಎಂದು ಮಾಲೀಕ ಹೇಳಿಯಾಗಿದೆ. ಆಮೇಲೇನು ಎಂದು ಎರಡು ತಿಂಗಳಿಂದ ನಿದ್ದೆಯಿಲ್ಲ. ಈ ಬಿಪಿ ಅಲ್ಲಿಂದಲೇ ಬಂದದ್ದು, ಡಾಕ್ಟರು ಉಪ್ಪಿನ ಮೇಲೆ ಹಾಕುತ್ತಾರೆ.

"ಬೆಳಗ್ಗೆ ಎರಡು ಗಂಟೆ ಹೊತ್ತು ರಸ್ತೆ ನಮಗೆ ಬೇಕಾಗುತ್ತೆ, ಹಗ್ಗಕ್ಕೆ" ಎಂದೆ.

"ಇನ್ಮೇಲೆ ರಸ್ತೆ ನಿಮ್ಮದೇ ಅಮ್ಮ" ಎಂದ ಇಂಜಿನಿಯರು.

ಎಲ್ಲರಿಗಿಂತ ಮೊದಲು ಕೈ ಎತ್ತಿದವಳು ನಾನೇ. ತಮ್ಮ ಪಕ್ಕದಲ್ಲಿ ನೆಲ ನೋಡುತ್ತಾ ನಿಂತಿದ್ದ. ಅವನು ಹುಟ್ಟಿದಾಗಿನಿಂದಲೂ ಬಾಯಿಸತ್ತವನು.

ಜನವರಿ ೨೧, ಭಾನುವಾರ

ಹತ್ತೊಂಬತ್ತು ಬಾಗಿಲು, ಹತ್ತೊಂಬತ್ತು ಸಹಿ! ಎಲ್ಲ ಅಂಗಡಿಯವರೂ ಒಪ್ಪಿದರೆ ಮಾತ್ರ ಕೆಲಸ ಶುರು ಎಂದಿದ್ದರು. ನಾನೇ ಮನೆಮನೆ ತಿರುಗಿದೆ. ಎದುರಿನ ಬೀಗದವನೊಬ್ಬ ಕೊಸರಾಡಿದ.

"ಗಾಡಿ ಬರದಿದ್ರೆ ಗಿರಾಕಿ ಹೇಗೆ ಬರ್ತಾರೆ ಅಕ್ಕ? ಕೀ ಕಳ್ಕೊಂಡವರಿಗೆ ಅರ್ಜೆಂಟ್ ಇರುತ್ತೆ."

"ಮನೆಯೊಳಗೇ ಹೋಗೋಕಾಗದವರು ಇನ್ನೆಲ್ಲಿಗೆ ಹೋಗ್ತಾರೋ? ನಡ್ಕೊಂಡೇ ಬರ್ತಾರೆ. ಹಾಕು ಸಹಿ."

"ನಿಮ್ಮ ಮುಖ ನೋಡಿ ಹಾಕ್ತಿದ್ದೀನಿ. ನಾಳೆ ಎಡವಟ್ಟಾದ್ರೆ ನಿಮ್ಮನ್ನೇ ಕೇಳೋದು."

ಕೇಳಲಿ. ಇನ್ನು ಪ್ರತಿ ಗುರುವಾರ ನಗರಸಭೆಯಲ್ಲಿ ಮೀಟಿಂಗು. ನನಗೆ ಕುರ್ಚಿ ಮೇಲೆ ಕುಳಿತು ಮಾತು ಕೇಳಿದರೆ ನಿದ್ದೆ ಬರುತ್ತದೆ. ತಮ್ಮನನ್ನು ಕಳಿಸುತ್ತೇನೆ. ಬಾಯಿ ಇಲ್ಲದಿದ್ದರೂ ಕಿವಿ ಇದೆಯಲ್ಲ.

ಫೆಬ್ರವರಿ ೩, ಶನಿವಾರ

ಬೀದಿಯ ಚಿತ್ರಗಳನ್ನೆಲ್ಲ ಮಾಡಿಸುವ ಕಲಾವಿದೆ ಷೆಡ್ಡಿಗೆ ಬಂದಿದ್ದಳು. ಉಗುರಿನ ತುಂಬ ನೀಲಿ ಬಣ್ಣ. ಮಣಿಕಟ್ಟಿನಷ್ಟು ದಪ್ಪದ, ನಲವತ್ತು ಹೆಜ್ಜೆಯ ಹಗ್ಗ ಬೇಕಂತೆ, ಗಂಟಿಲ್ಲದ ಒಂದೇ ಹಗ್ಗ. ಹಾಗೆ ಹೊಸೆಯುವವರು ಈಗ ನಮ್ಮನ್ನು ಬಿಟ್ಟರೆ ಯಾರಿದ್ದಾರೆ? ಹಗ್ಗವನ್ನು ಕೈಯಲ್ಲಿ ಹಿಡಿದು ಹುರಿ ಬಿಚ್ಚಿ ನೋಡಿದಳು. ಹಾಗೆ ನೋಡುವವರು ಕಡಿಮೆ. ನನಗೆ ಅವಳು ಹಿಡಿಸಿದಳು.

ಎಲ್ಲಿ ಕಟ್ಟುತ್ತೀಯ, ಯಾತಕ್ಕೆ ಎಂದು ನಾನು ಕೇಳಲಿಲ್ಲ. ನಮ್ಮಲ್ಲಿ ಕೇಳುವ ಪದ್ಧತಿಯಿಲ್ಲ. ಎಷ್ಟು ಉದ್ದ, ಎಷ್ಟು ದಪ್ಪ, ಎಷ್ಟು ಭಾರ ಹೊರಬೇಕು, ಈ ಮೂರೇ ಪ್ರಶ್ನೆ. ನಾಲ್ಕನೆಯದು ಕೇಳಿದರೆ ಹಗ್ಗಕ್ಕೆ ಅನುಮಾನ ಹತ್ತುತ್ತದೆ ಎಂದು ಅಪ್ಪ ಹೇಳುತ್ತಿದ್ದ. ದೋಣಿಯವರಿಗೆ, ಕ್ರೇನಿನವರಿಗೆ, ನಾಟಕದ ಪರದೆಯವರಿಗೆ ಇಷ್ಟು ವರ್ಷ ಹೀಗೇ ಕೊಟ್ಟಿದ್ದೇವೆ.

ಫೆಬ್ರವರಿ ೨೭, ಮಂಗಳವಾರ

ಮೂವತ್ತಾರು ನೂಲಿನಲ್ಲಿ ಇಪ್ಪತ್ತೊಂಬತ್ತು ಮುಗಿಯಿತು. ಇವತ್ತಿನ ಎರಡು ಕೆಟ್ಟವು. ಹುರಿ ಒಂದು ಕಡೆ ಬಿಗಿ, ಒಂದು ಕಡೆ ಸಡಿಲ. ನಡುವೆ ರಾಟೆ ನಿಲ್ಲುತ್ತಿದೆ, ತಮ್ಮ ಕೈ ಬದಲಿಸುತ್ತಿದ್ದಾನೆ. ಅರವತ್ತು ಹೆಜ್ಜೆ ಆಚೆಯಿಂದ ಗಂಟಲು ಹರಿಯುವ ಹಾಗೆ ಕೂಗಿದೆ: "ಏನೋ, ನಿದ್ದೆ ಮಾಡ್ತಿದ್ದೀಯಾ?" ಕೈ ಎತ್ತಿ ಏನೋ ಸನ್ನೆ ಮಾಡಿದ. ಮತ್ತೆ ತಿರುಗಿಸಿದ. ನಲವತ್ತೆಂಟಕ್ಕೇ ಈ ಸೋಮಾರಿತನವಾದರೆ ಮುಂದೇನು ಗತಿ? ನಾನು ಐವತ್ನಾಲ್ಕಕ್ಕೆ ದಿನಕ್ಕೆ ಎರಡು ಮೈಲಿ ಹಿಂದೆ ಹಿಂದೆ ನಡೆಯುತ್ತೇನೆ.

ಕಲ್ಲು ಹಾಸಿದ ಮೇಲೆ ಎಲ್ಲ ಸರಿಹೋಗುತ್ತದೆ. ಬಸ್ಸಿನ ಓಡಾಟವೇ ಇರುವುದಿಲ್ಲ. ಎದ್ದು ಬಾಗಿಲು ತೆಗೆದರೆ ಕೆಲಸ.

ಮಾರ್ಚ್ ೧೪, ಗುರುವಾರ

ಬೀದಿಯ ಉದ್ದಕ್ಕೂ ತಲೆಗಿಂತ ಎತ್ತರದ ತಗಡು ಕಟ್ಟಿದ್ದಾರೆ, ಓಡಾಡಲು ಗೋಡೆ ಪಕ್ಕ ಇಕ್ಕಟ್ಟಿನ ದಾರಿ. ಒಳಗೆ ಅಗೆತ. ಧೂಳು ಅನ್ನದ ತಟ್ಟೆಯವರೆಗೂ ಬರುತ್ತದೆ, ಬರಲಿ. ಗಾಡಿ ನಿಂತು ಹತ್ತು ದಿನವಾಯಿತು. ಮೇಲಿನ ಮನೆಯಲ್ಲಿ ತಮ್ಮನ ಹೆಂಡತಿ ಪಾತ್ರೆ ಇಡುವುದು ಕೂಡ ಕೇಳಿಸುತ್ತದೆ.

ಮೀಟಿಂಗಿನಲ್ಲಿ ಏನಾಯಿತೋ ಎಂದು ತಮ್ಮನನ್ನು ಕೇಳಿದೆ. "ಎಲ್ಲ ಸರಿ ಇದೆ ಅಕ್ಕ" ಎಂದ. ದೊಡ್ಡ ಹಗ್ಗ ಕಲಾವಿದೆಗೆ ಕೊಟ್ಟಾಯಿತು. ಇಷ್ಟು ಚೆಂದದ ಹಗ್ಗ ನಾನು ಹೊಸೆದದ್ದಿಲ್ಲ. ೧೩೮, ೮೮!

ಏಪ್ರಿಲ್ ೫, ಶುಕ್ರವಾರ

ತಗಡು ತೆಗೆದರು.

ಬೆಳಿಗ್ಗೆ ನಾರಿನ ಕಂತೆ ಸೊಂಟಕ್ಕೆ ಕಟ್ಟಿಕೊಂಡೇ ಬಾಗಿಲಿಗೆ ಬಂದೆ, ಹುಚ್ಚಿಯ ಹಾಗೆ. ರಸ್ತೆ ಹಾವಿನಂತೆ ಸೊಟ್ಟಗಿದೆ. ಬೇಕೆಂದೇ ಸೊಟ್ಟ ಮಾಡಿದ್ದಾರೆ. ಹತ್ತು ಹೆಜ್ಜೆಗೆ ಒಂದು ಕಲ್ಲಿನ ಆಸನ, ಅದರಾಚೆ ಗಿಡದ ತೊಟ್ಟಿ, ಮತ್ತೆ ಆಸನ. ನಟ್ಟನಡುವೆ, ಅಪ್ಪ ಎರಡನೆಯ ಸಲ ನಾರು ತುಂಬಿಕೊಳ್ಳಲು ನಿಲ್ಲುತ್ತಿದ್ದ ಜಾಗದಲ್ಲಿ, ಮೂರಾಳೆತ್ತರದ ಕಬ್ಬಿಣದ ಕಂಬಗಳು. ಅವುಗಳ ಸುತ್ತ ಜೇಡನ ಬಲೆಯ ಹಾಗೆ ನೇಯ್ದದ್ದು ನನ್ನ ಹಗ್ಗ. ನನ್ನ ದಾರಿಗೆ ಅಡ್ಡ ಕಟ್ಟಿದ ಹಗ್ಗವನ್ನು ತಿಂಗಳಿಡೀ ಬೆವರು ಸುರಿಸಿ ನಾನೇ ಹೊಸೆದು ಕೊಟ್ಟಿದ್ದೇನೆ.

ಬೀಗದವನು ಹತ್ತಿರ ಬಂದು "ಅಕ್ಕ, ಹಗ್ಗ, ಕುತ್ತಿಗೆ ಅಂತ ಒಂದು ಗಾದೆ..." ಎಂದು ಬಾಯಿ ತೆರೆದ. ಹಲ್ಲು ಉದುರಿಸುತ್ತೇನೆ ಎಂದೆ. ಒಳಗೆ ಹೋದ.

ನಗರಸಭೆಗೆ ನಡೆದೇ ಹೋದೆ. ಇಂಜಿನಿಯರು ಕುರ್ಚಿ ಕೊಟ್ಟ, ಕೂರಲಿಲ್ಲ.

"ರಸ್ತೆ ನಿಮ್ಮದೇ ಅಂದ್ರಲ್ಲ ಸ್ವಾಮಿ. ಎಲ್ಲಿ ನನ್ನ ಅರವತ್ತು ಹೆಜ್ಜೆ?"

ಅವನಿಗೆ ನಿಜವಾಗಿ ಗಾಬರಿಯಾಯಿತು. "ಅಮ್ಮ, ನಿಮ್ಮ ಮನೆಯವರನ್ನ ಕೇಳಿಯೇ ಮಾಡಿದ್ದು. ಮೊದಲ ನಕ್ಷೇಲಿ ನೇರವಾಗೇ ಇತ್ತು" ಎಂದು ಫೈಲು ತೆಗೆದ. ಫೆಬ್ರವರಿ ಒಂದರ ಮೀಟಿಂಗು. ಟೈಪು ಮಾಡಿದ ಸಾಲು ನನ್ನ ಕಣ್ಣಿಗೆ ಈಗಲೂ ಕಟ್ಟಿದೆ: 'ಹಗ್ಗದ ಕೆಲಸ ಮುಂದುವರಿಯುವುದಿಲ್ಲವಾದ್ದರಿಂದ ಉದ್ದ ಜಾಗದ ಅಗತ್ಯವಿಲ್ಲ ಎಂದು ಹಗ್ಗದ ಅಂಗಡಿಯವರು ತಿಳಿಸಿದರು.' ಕೆಳಗೆ ತಮ್ಮನ ಸಹಿ. ಆ ಸಹಿ ಅವನಿಗೆ ಕಲಿಸಿದವಳು ನಾನು, ಸ್ಲೇಟಿನ ಮೇಲೆ ಕೈ ಹಿಡಿದು.

ಫೆಬ್ರವರಿ ಒಂದು. ಅಂದರೆ ಕಲಾವಿದೆ ಹಗ್ಗ ಕೇಳಲು ಬಂದದ್ದಕ್ಕೆ ಎರಡು ದಿನ ಮುಂಚೆ. ಅಂದರೆ ಆ ಮೂವತ್ತಾರು ನೂಲನ್ನೂ ಇವನು ಗೊತ್ತಿದ್ದೇ ತಿರುಗಿಸಿದ.

ಏಪ್ರಿಲ್ ೬, ಶನಿವಾರ

ಕೇಳಿದೆ. "ಹೌದಕ್ಕ, ಹೇಳಿದೆ" ಎಂದ ತಮ್ಮ. ಯಾಕೋ ಎಂದೆ. ಗೋಡೆಯನ್ನು ಕೇಳಿದ್ದರೆ ಸುಣ್ಣವಾದರೂ ಉದುರುತ್ತಿತ್ತು.

ಅವನ ಹೆಂಡತಿ ಮೆಟ್ಟಿಲ ಮೇಲಿಂದಲೇ ಅಂದಳು: "ಅವರ ಭುಜ ಒಂದಿನಾನಾದ್ರೂ ನೋಡಿದ್ದೀರಾ ಅಕ್ಕ? ಬಲಗೈ ಕಿವಿಮಟ್ಟಕ್ಕೆ ಏಳಲ್ಲ. ರಾಟೆ ಬಿಡಿ ಅಂತ ಡಾಕ್ಟರು ಹೇಳಿ ವರ್ಷವಾಯ್ತು."

"ಭುಜ ನೋವಾದ್ರೆ ಭುಜ ನೋವು ಅಂತ ಹೇಳ್ಬೇಕು! ಊರವರ ಮುಂದೆ ಹೋಗಿ ನನ್ನ ಕಾಲ ಕೆಳಗಿನ ನೆಲ ಎಳೀಬೇಕಾ?"

ಶತ್ರು ಮಾಡಿದ್ದರೆ ಎದುರು ನಿಂತು ಜಗಳವಾಡಬಹುದಿತ್ತು. ಒಂದೇ ತಟ್ಟೆಯಲ್ಲಿ ಉಂಡವನು ಮಾಡಿದರೆ ಯಾರ ಮುಂದೆ ಹೇಳಿಕೊಳ್ಳುವುದು? ನಂಬಿದವರೇ ಕುತ್ತಿಗೆ ಕೊಯ್ಯುವುದು. ದೂರ ಇರುವವರಿಗೆ ಕುತ್ತಿಗೆ ಎಟುಕುವುದಿಲ್ಲವಲ್ಲ.

ಏಪ್ರಿಲ್ ೯, ಮಂಗಳವಾರ

೧೭೦, ೧೦೨. ಅಡುಗೆ ಬೇರೆ ಮಾಡಿಕೊಂಡೆ.

ಏಪ್ರಿಲ್ ೨೮, ಭಾನುವಾರ

ಷೆಡ್ಡಿಗೆ ಒಬ್ಬಳೇ ಹೋದೆ. ನೂಲು ತೆಗೆಯಲು ಇಬ್ಬರು ಬೇಕು. ಒಬ್ಬಳೇ ಏನು ಮಾಡಲಿ, ರಾಟೆ ತಿರುಗಿಸಿ ನೋಡಿದೆ. ಹತ್ತು ನಿಮಿಷಕ್ಕೆ ಭುಜ ಹಿಡಿದುಕೊಂಡಿತು. ಎಣ್ಣೆ ಬಿಟ್ಟಿಲ್ಲ, ಅದಕ್ಕೇ ಭಾರ. ಎಣ್ಣೆ ಬಿಟ್ಟೆ. ಆಗಲೂ ಭಾರವೇ ಇತ್ತು. ಎಣ್ಣೆ ಸರಿಯಿಲ್ಲ. ರಾಟೆಯ ಹಿಂದಿನ ಕಂಬದಲ್ಲಿ ತಲೆ ಒರಗುವ ಎತ್ತರಕ್ಕೆ ಎಣ್ಣೆಜಿಡ್ಡಿನ ಕಪ್ಪು ಕಲೆಯಿದೆ. ಅವನು ಒರಗಿ ಒರಗಿ ಆದದ್ದು. ನಾನು ಯಾವತ್ತೂ ಆ ತುದಿಗೆ ಹೋಗಿ ನಿಂತಿರಲಿಲ್ಲ.

ಬೀದಿಯಲ್ಲಿ ಈಗ ಜನ. ಹೆಂಗಸರು ಮೊಮ್ಮಕ್ಕಳನ್ನು ಕರೆದುಕೊಂಡು ಬರುತ್ತಾರೆ, ಮುಚ್ಚಿದ್ದ ಮೂರು ಷಟರು ತೆರೆದಿವೆ. ಬೀಗದವನಿಗೆ ಕೈ ತುಂಬ ಕೆಲಸ. "ನೀವು ಹೇಳಿದ್ದೇ ನಿಜವಾಯ್ತು ಅಕ್ಕ" ಎಂದು ಹಲ್ಲು ಕಿರಿಯುತ್ತಾನೆ. ಮೈಯೆಲ್ಲ ಉರಿಯುತ್ತದೆ. ಊರಿಗೆಲ್ಲ ಒಳ್ಳೆಯದಾಯಿತು, ಮನೆಮನೆ ತಿರುಗಿ ಸಹಿ ಹಾಕಿಸಿದವಳಿಗೆ ನಿಲ್ಲಲು ಜಾಗವಿಲ್ಲ. ಕೈ ತೋರಿಸಿ ಅವಲಕ್ಷಣ ಅನ್ನಿಸಿಕೊಂಡ ಹಾಗಾಯಿತು.

ಸಂಜೆ ಕಲ್ಲಾಸನದ ಮೇಲೆ ಕುಳಿತಿದ್ದೆ, ಅಲ್ಲಾಡುತ್ತದೆಯೋ ನೋಡೋಣವೆಂದು. ಅಲ್ಲಾಡಲಿಲ್ಲ. ಒಂದು ಗಂಟೆ ಕುಳಿತಿದ್ದೆ. ಪಕ್ಕದಲ್ಲಿ ಕೂತ ಮುದುಕಿಗೆ ಎಡಗೆನ್ನೆಯ ಮೇಲೆ ಮಾತ್ರ ನಗುವಾಗ ಗುಳಿ ಬೀಳುತ್ತದೆ. "ಈ ಹಗ್ಗ ಯಾರು ಹೊಸೆದದ್ದಮ್ಮ?" ಎಂದಳು. ಗೊತ್ತಿಲ್ಲ ಎಂದೆ.

ಮೇ ೧೬, ಗುರುವಾರ

ಕಲಾವಿದೆ ಬಂದಳು. ಕಣ್ಣ ಕೆಳಗೆ ಕಪ್ಪು. ಅವಳೂ ನಿದ್ದೆ ಮಾಡಿಲ್ಲ. "ನಿಮಗೆ ತಿಳಿದಿಲ್ಲ ಅಂತ ನಂಗೆ ಗೊತ್ತಿರಲಿಲ್ಲ ಅಮ್ಮ. ಕೆಲಸ ನಿಂತುಹೋಗ್ತಿದೆ ಅಂದ್ರು, ಅದರ ನೆನಪಿಗೆ ಅಂತ ಆ ಹಗ್ಗದ ಬಲೆ ಕಟ್ಟಿಸಿದೆ. ನೀವು ಕೇಳಿದ್ರೆ ಹೇಳ್ತಿದ್ದೆ."

ನಾನು ಕೇಳುವುದಿಲ್ಲವಲ್ಲ. ಮೂರೇ ಪ್ರಶ್ನೆ ನಮ್ಮದು! ಹಗ್ಗಕ್ಕೆ ಅನುಮಾನ ಹತ್ತದಿರಲಿ ಎಂದು ನೋಡಿಕೊಂಡೆ, ನನಗೆ ಹತ್ತಬೇಕಾಗಿತ್ತು.

೨೬ಕ್ಕೆ ಬೀದಿಯ ಉದ್ಘಾಟನೆಯಂತೆ. ನಮ್ಮ ಬಾಗಿಲಿಂದ ಮೊದಲ ಆಸನದವರೆಗೆ ಹತ್ತು ಹೆಜ್ಜೆ ನೇರ ಇದೆ, ಅಲ್ಲಿ ಹೊಸೆದು ತೋರಿಸುತ್ತೀರಾ ಎಂದು ಕೇಳಿದಳು.

"ಹತ್ತು ಹೆಜ್ಜೇಲಿ ಏನಾಗುತ್ತೆ? ಜಡೆಗೆ ಕಟ್ಟೋ ದಾರ ಆಗುತ್ತೆ."

ಆಮೇಲೆ ಒಪ್ಪಿಕೊಂಡೆ. ತಾವು ಏನನ್ನು ಮುಗಿಸಿದೆವು ಎಂದು ಎಲ್ಲರೂ ಕಣ್ಣಾರೆ ನೋಡಲಿ. ತಮ್ಮನಿಗೆ ಅವಳೇ ಹೇಳಿದಳಂತೆ. ಬರುತ್ತೇನೆ ಎಂದನಂತೆ.

ಮೇ ೨೦, ಸೋಮವಾರ

ಷೆಡ್ಡಿನ ಕೀ ಕೊಟ್ಟುಬಿಟ್ಟೆ. ನಲವತ್ತು ವರ್ಷ. ನೆಲದ ಕಸ ಹೊಡೆಸಿದ್ದೀರಿ, ಥ್ಯಾಂಕ್ಸ್ ಎಂದ ಮಾಲೀಕ.

ರಾಟೆಯನ್ನು ಟೆಂಪೋದಲ್ಲಿ ತಂದರೆ ಬೀದಿ ಬಾಯಲ್ಲೇ ಕಾವಲಿನವನು ತಡೆದ. ಒಳಗೆ ಗಾಡಿ ಬಿಡುವ ಹಾಗಿಲ್ಲವಂತೆ, ಹತ್ತೊಂಬತ್ತು ಅಂಗಡಿಯವರೂ ಸಹಿ ಹಾಕಿದ್ದಾರಂತೆ. ಯಾರು ಹಾಕಿಸಿದ್ದು ಎಂದು ಅವನಿಗೆ ಹೇಳಲಿಲ್ಲ. ನಾನು, ಬೀಗದವನು ಎತ್ತಿಕೊಂಡು ಬಂದೆವು. ಅರ್ಧ ದಾರಿಗೆ ತಮ್ಮ ಬಂದು ಎಡಗೈ ಕೊಟ್ಟ. ಬೇಡ ಎನ್ನಬೇಕೆಂದಿದ್ದೆ, ಉಸಿರಿರಲಿಲ್ಲ.

ಮೇ ೨೬, ಭಾನುವಾರ

ಎಲ್ಲವನ್ನೂ ಬರೆಯಬೇಕು, ಇಲ್ಲದಿದ್ದರೆ ಎದೆ ಒಡೆಯುತ್ತದೆ.

ಬೆಳಿಗ್ಗೆ ಹತ್ತಕ್ಕೆ ಬೀದಿ ತುಂಬ ಜನ. ಇಷ್ಟು ಜನ ನಮ್ಮ ಬೀದಿಯಲ್ಲಿ ನಿಂತದ್ದನ್ನು ನಾನು ಕಂಡಿಲ್ಲ. ಇಂಜಿನಿಯರು ಇಸ್ತ್ರಿ ಅಂಗಿ ಹಾಕಿ ಮೈಕು ಹಿಡಿದಿದ್ದ. ತಮ್ಮ ರಾಟೆಯ ಹತ್ತಿರ ನಿಂತ. ನಾನು ಕಂತೆ ಕಟ್ಟಿಕೊಂಡೆ, ಕೊಕ್ಕೆಗೆ ತುದಿ ಸಿಕ್ಕಿಸಿದೆ, ಹಿಂದೆ ಹೆಜ್ಜೆ ಇಟ್ಟೆ. ಇಬ್ಬರಿಗೂ ಒಂದೂವರೆ ತಿಂಗಳಿಂದ ಮಾತಿಲ್ಲ. ಕೈ ಮಾತ್ರ ತಪ್ಪಲಿಲ್ಲ. ಹುರಿ ಸಮ ಬಂತು.

ಹತ್ತು ಹೆಜ್ಜೆಗೆ ಕಾಲು ಕಲ್ಲಾಸನಕ್ಕೆ ತಾಗಿತು, ನಿಂತೆ. ಎದುರಿಗೇ ಅವನ ಮುಖ. ಷೆಡ್ಡಿನಲ್ಲಿ ಈ ಹೊತ್ತಿಗೆ ಅವನು ಹೆಬ್ಬೆರಳಿನಷ್ಟು ಕಾಣಿಸುತ್ತಿದ್ದ. ಹುಬ್ಬು ಬೆಳ್ಳಗಾಗಿದೆ. ತಿರುಗಿಸುವ ಪ್ರತಿ ಸುತ್ತಿಗೂ ಬಲಗಣ್ಣು ಮುಚ್ಚಿಕೊಳ್ಳುತ್ತದೆ, ಅಷ್ಟು ನೋವು.

"ಅಕ್ಕ" ಎಂದ. ಕೂಗಬೇಕಾಗಿರಲಿಲ್ಲ. "ಹೇಳ್ಬೇಕು ಅಂತಿದ್ದೆ."

"ಯಾವಾಗ?"

"ಅಪ್ಪ ಹೋದ ವರ್ಷ."

ಅಪ್ಪ ಹೋದದ್ದು ಮೂವತ್ತು ವರ್ಷದ ಹಿಂದೆ. ಆಗ ಇವನಿಗೆ ಹದಿನೆಂಟು.

"ಭುಜ ನೋವು ಆಗಲೇ ಇತ್ತೇನೋ?"

"ಭುಜ ಈಗಿನದು. ಈ ಕೆಲಸಾನೇ ನನಗೆ ಬೇಕಿರಲಿಲ್ಲ ಅಕ್ಕ. ಒಂದಿನಾನೂ ಬೇಕಿರಲಿಲ್ಲ. ನಾನು ಬಿಟ್ರೆ ನೀನು ಒಬ್ಬಳೇ ಆಗ್ತೀಯಲ್ಲ ಅಂತ ತಿರುಗಿಸ್ತಾ ಬಂದೆ. ಹೇಳೋಣ ಅಂದ್ಕೊಳ್ಳೋ ಹೊತ್ತಿಗೆ ನೀನು ಅಷ್ಟು ದೂರ ಹೋಗಿರ್ತಿದ್ದೆ. ಅದನ್ನ ಕೂಗಿ ಹೇಳೋದು ಹೇಗೆ?"

ಆ ಸಹಿ ಏನು ಮಹಾ! ಇದೇ ದೊಡ್ಡ ಮೋಸ. ನಾನು ಇಷ್ಟು ವರ್ಷ ಇವನನ್ನು ಜೊತೆಗಾರ ಅಂದುಕೊಂಡಿದ್ದೆ. ಇವನು ನನ್ನ ಮೇಲೆ ಕನಿಕರ ಪಡುತ್ತಿದ್ದ. ಮದುವೆಯ ಮಾತು ಬಂದಾಗಲೆಲ್ಲ, ನಾನು ಹೋದರೆ ಇವನ ಕೆಲಸದ ಗತಿಯೇನು ಎಂದು ನಾನು ಬೇಡ ಎಂದಿದ್ದೆ. ಅದನ್ನು ನಾನೂ ಇವನಿಗೆ ಹೇಳಿರಲಿಲ್ಲ. ಅದು ಬೇರೆ ಮಾತು.

ಅಷ್ಟರಲ್ಲಿ ಇಂಜಿನಿಯರು ಮೈಕಿನಲ್ಲಿ, "ಇನ್ಮೇಲೆ ಪ್ರತಿ ಭಾನುವಾರ ಈ ಅಕ್ಕ-ತಮ್ಮ ಇಲ್ಲಿ ಹಗ್ಗ ಹೊಸೀತಾರೆ!" ಎಂದ. ಚಪ್ಪಾಳೆಯೋ ಚಪ್ಪಾಳೆ. ತಮ್ಮ ನನ್ನ ಮುಖ ನೋಡಿದ, ತಲೆ ಬಗ್ಗಿಸಿದ, ರಾಟೆಯ ಹಿಡಿಗೆ ಮತ್ತೆ ಕೈ ಹಾಕಿದ.

"ಇಲ್ಲ" ಎಂದೆ. ಮೈಕು ಬೇಕಾಗಲಿಲ್ಲ, ನನ್ನ ಗಂಟಲು ಅರವತ್ತು ಹೆಜ್ಜೆಗೆ ಪಳಗಿದ್ದು. "ಇವನ ಕೈಲಿ ಆಗಲ್ಲ. ಭುಜ ಹೋಗಿದೆ. ಇವತ್ತಿಂದ ಇವನು ರಾಟೆ ಮುಟ್ಟೋ ಹಾಗಿಲ್ಲ."

ಚಪ್ಪಾಳೆ ನಿಂತಿತು. ಇಂಜಿನಿಯರು ತಬ್ಬಿಬ್ಬಾಗಿ, "ಹಾಗಾದ್ರೆ ಯಾರಮ್ಮ ತಿರುಗಿಸೋರು?" ಎಂದ.

"ನೀವೇ ಬನ್ನಿ. ರಸ್ತೆ ಸೊಟ್ಟ ಮಾಡೋಕೆ ಬಂತಲ್ಲ, ರಾಟೆ ತಿರುಗಿಸೋಕೆ ಬರಲ್ವಾ?"

ಜನ ನಕ್ಕರು. ಬಂದ, ಪಾಪ, ಇಸ್ತ್ರಿ ಅಂಗಿಯಲ್ಲೇ ತಿರುಗಿಸಿದ. ಕೆಟ್ಟ ಹುರಿ. ಮುಂದಿನ ವಾರ ತಾನೇ ತಿರುಗಿಸುತ್ತೇನೆ ಎಂದಳು ಕಲಾವಿದೆ. ಹತ್ತು ಹೆಜ್ಜೆಯಲ್ಲಿ ಹೊಸೆದ ಹಗ್ಗದಿಂದ ದೋಣಿ ಕಟ್ಟಲಾಗುವುದಿಲ್ಲ, ಮಕ್ಕಳ ಉಯ್ಯಾಲೆ ಕಟ್ಟಬಹುದು. ನೋಡೋಣ.

ತಮ್ಮ ಪಕ್ಕಕ್ಕೆ ಸರಿದು ಕಲ್ಲಿನ ಮೇಲೆ ಕುಳಿತ. ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತ. ಹೆಂಡತಿ ಬಂದು ಬೆನ್ನ ಮೇಲೆ ಕೈಯಿಟ್ಟಳು. ಚೆನ್ನಾಗಿ ಅವಮಾನವಾಗಿರಬೇಕು. ಆಗಲಿ. ಊರ ಮುಂದೆ ನನ್ನ ಕೆಲಸ ಕಿತ್ತುಕೊಂಡವನು. ಊರ ಮುಂದೆಯೇ ಅವನದ್ದನ್ನು ಕಿತ್ತುಕೊಂಡೆ. ಲೆಕ್ಕ ಚುಕ್ತಾ. ನಾನೇನೂ ಕ್ಷಮಿಸಿಲ್ಲ, ಕ್ಷಮಿಸುವುದೂ ಇಲ್ಲ. ಮಾತಂತೂ ಆಡಿಸುವುದಿಲ್ಲ.

ಈಗ ಮೇಲಿನ ಮನೆಯಲ್ಲಿ ನಗುತ್ತಿದ್ದಾನೆ. ಸಂಜೆಯಿಂದ ನಗುತ್ತಿದ್ದಾನೆ. ಹೆಂಡತಿ ಏನೋ ಅನ್ನುತ್ತಾಳೆ, ಇವನು ಗಟ್ಟಿಯಾಗಿ, ಬಾಯಿ ತುಂಬ, ಹುಡುಗರ ಹಾಗೆ ನಗುತ್ತಾನೆ. ನಾಚಿಕೆಗೆಟ್ಟವನು. ಈ ಮನೆಯಲ್ಲಿ ಈ ನಗುವನ್ನು ನಾನು ಕೇಳಿಯೇ ಇರಲಿಲ್ಲ. ಕಿಟಕಿ ಮುಚ್ಚೋಣವೆಂದು ಎರಡು ಸಲ ಎದ್ದೆ. ಮುಚ್ಚಲಿಲ್ಲ. ಸೆಖೆ ಜಾಸ್ತಿ.